ಸ್ಟ್ರಾಟ್ ಗಿಟಾರಿನ ಪಿಕಪ್ ಮನೆಯಲ್ಲೇ ಬದಲಾಯಿಸುವುದು ಹೇಗೆ?

ಪ್ರಶ್ನೆ: ನನ್ನದು ಸ್ಟ್ರಾಟೋಕಾಸ್ಟರ್ ಮಾದರಿಯ ಗಿಟಾರ್. ಮೂರೂ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ). ಸ್ವರ ತೀರಾ ಕೀರಲು, ಆಂಪ್ ಸ್ವಲ್ಪ ಜೋರು ಮಾಡಿದರೆ ಸಿಳ್ಳೆ ಹೊಡೆಯುತ್ತದೆ. ಆಲ್ನಿಕೋ 5 ಅಯಸ್ಕಾಂತದ ಪಿಕಪ್‌ಗಳ ಒಂದು ಸೆಟ್ ತರಿಸಿಟ್ಟುಕೊಂಡಿದ್ದೇನೆ. ನಮ್ಮೂರಲ್ಲಿ ಗಿಟಾರ್ ರಿಪೇರಿ ಮಾಡುವವರಿಲ್ಲ. ಸೋಲ್ಡರಿಂಗ್ ಮಾಡಿ ಅಷ್ಟಾಗಿ ಅಭ್ಯಾಸವಿಲ್ಲ. ನಾನೇ ಬದಲಾಯಿಸಬಹುದೇ? ಎಲ್ಲಿ ಎಡವಟ್ಟಾಗುತ್ತದೆ?

ಉತ್ತರ: ಧಾರಾಳವಾಗಿ ಬದಲಾಯಿಸಬಹುದು. ಸ್ಟ್ರಾಟ್‌ನಲ್ಲಿ ಈ ಕೆಲಸಕ್ಕೆ ಬಿಚ್ಚಿ ಹಾಕಬೇಕಾದ ಬೆಸುಗೆ ಆರೇ ಆರು. ಒಂದೊಂದು ಪಿಕಪ್ಪಿಗೆ ಎರಡೆರಡು ವೈರ್: ಸಂಕೇತ ಒಯ್ಯುವ ಹಾಟ್ ವೈರ್ ಸ್ವಿಚ್ಚಿಗೆ, ಗ್ರೌಂಡ್ ವೈರ್ ವಾಲ್ಯೂಮ್ ಪಾಟ್‌ನ (ನಾಬ್‌ನ ಕೆಳಗಿರುವ, ರೋಧ ಹೊಂದಿಸುವ ಬಿಡಿಭಾಗ) ಬೆನ್ನಿಗೆ. ಬೆಸುಗೆ ಬರುವುದಿಲ್ಲ ಎಂದು ಹೆದರುವವರೇ ಹೆಚ್ಚು, ಆದರೆ ಕೆಲಸ ಕೆಡುವುದು ಬಹುಪಾಲು ಅಲ್ಲಿ ಅಲ್ಲ. ಅಳತೆ ನೋಡದೆ ಬಿಚ್ಚಿ, ಅಳತೆ ನೋಡದೆ ಜೋಡಿಸಿ, ತಂತಿ ಹಾಕಿ ಶ್ರುತಿ ಮಾಡಿದ ಮೇಲೆ ಒಂದು ಪಿಕಪ್ ಮೂಕಾಗಿದೆ ಎಂದು ಗೊತ್ತಾಗುವುದು, ಇದೇ ಸಾಮಾನ್ಯ ಕಥೆ. ಆದ್ದರಿಂದ ಮೊದಲು ಒಂದು ಮಲ್ಟಿಮೀಟರ್ ಕೊಳ್ಳಿ. ಸಾಧಾರಣ ಡಿಜಿಟಲ್ ಮೀಟರ್ ಸಾಕು. 20 ಕಿಲೋ ಓಮ್ ಮತ್ತು ಅದಕ್ಕೂ ಮೇಲಿನ ರೇಂಜ್, ಬೀಪ್ ಕೊಡುವ ಕಂಟಿನ್ಯುಟಿ ಇದ್ದರೆ ಆಯಿತು.

ಬಿಚ್ಚುವ ಮುನ್ನ ಒಂದು ಮಾತು. ಕೀರಲು ಸ್ವರಕ್ಕೆ ಪಿಕಪ್ಪೇ ಕಾರಣ ಎಂದು ಈಗಲೇ ತೀರ್ಮಾನಿಸಬೇಡಿ. ಸಿಂಗಲ್ ಕಾಯಿಲ್‌ಗೆ ವಾಡಿಕೆಯ ಪಾಟ್ 250 ಕಿಲೋ ಓಮ್‌ನದು, 500 ಕಿಲೋ ಓಮ್ ಇರುವುದು ಎರಡು ಕಾಯಿಲ್‌ನ ಹಂಬಕರ್ ಪಿಕಪ್ಪಿಗೆ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಸಿಂಗಲ್ ಕಾಯಿಲ್‌ಗೂ 500 ಕಿಲೋ ಓಮ್ ಪಾಟ್ ಕೂರಿಸಿರುವುದುಂಟು. ಪಾಟ್‌ನ ಓಮ್ ಅಂಕಿ ಹೆಚ್ಚಿದಷ್ಟೂ ಮೇಲಿನ ಸ್ವರಾಂಶ ಗ್ರೌಂಡಿಗೆ ಸೋರುವುದು ಕಡಿಮೆ, ಕಿವಿಗೆ ಚುಚ್ಚುವುದು ಹೆಚ್ಚು. ಹಾಗಿದ್ದರೆ ಹೊಸ ಪಿಕಪ್ ಹಾಕಿದ ಮೇಲೂ ಅರ್ಧ ಕೀರಲು ಉಳಿದೇ ಉಳಿಯುತ್ತದೆ. ಪಿಕ್‌ಗಾರ್ಡ್ (ಪಿಕಪ್, ನಾಬ್‌ಗಳನ್ನು ಹೊತ್ತ ಮುಂಬದಿಯ ಫಲಕ) ತೆಗೆದಾಗ ಪಾಟ್‌ನ ಮೈಮೇಲೆ ಏನು ಬರೆದಿದೆ ನೋಡಿ. 'ಎ' ಅಕ್ಷರವಿದ್ದರೆ ಲಾಗ್, 'ಬಿ' ಇದ್ದರೆ ಲೀನಿಯರ್. ವಾಲ್ಯೂಮ್‌ಗೆ ಎ 250 ಕೆ ಒಳ್ಳೆಯದು, ಏಕೆಂದರೆ ನಮ್ಮ ಕಿವಿ ಏರಿಳಿತವನ್ನು ಗ್ರಹಿಸುವ ರೀತಿಗೆ ಲಾಗ್ ಹೊಂದುತ್ತದೆ. ಪಾಟ್ ಬದಲಿಸುವುದಾದರೆ ಗಾತ್ರವನ್ನೂ ಗಮನಿಸಿ. ಏಷ್ಯಾದಲ್ಲಿ ತಯಾರಾದ ಗಿಟಾರುಗಳಲ್ಲಿ ಹೆಚ್ಚಾಗಿ 16 ಮಿ.ಮೀ. ಪುಟ್ಟ ಪಾಟ್ ಇರುತ್ತದೆ. ಅದರ ಜಾಗಕ್ಕೆ ಅಮೆರಿಕದ ಅಳತೆಯ ದೊಡ್ಡ ಪಾಟ್ ತಂದರೆ ಪಿಕ್‌ಗಾರ್ಡಿನ ತೂತು ಸಾಲುವುದಿಲ್ಲ, ದಂಡದ ಹಲ್ಲುಗಳ ಎಣಿಕೆ ಬೇರೆಯಾಗಿ ಹಳೆಯ ನಾಬ್ ಕೂರುವುದೂ ಇಲ್ಲ. ಅದೇ ಗಾತ್ರದ್ದನ್ನೇ ಕೇಳಿ ತರಿಸಿ.

ಸಿಳ್ಳೆಯ ಮಾತು ಬೇರೆ. ಕಾಯಿಲ್‌ನ ಸುತ್ತುಗಳು ಸಡಿಲವಾಗಿದ್ದು ಅವೇ ಅದುರತೊಡಗಿದಾಗ ಪಿಕಪ್ ಮೈಕಿನಂತೆ ವರ್ತಿಸಿ ಹೀಗೆ ಕೂಗುತ್ತದೆ. ಇದಕ್ಕಾಗಿಯೇ ಒಳ್ಳೆಯ ಪಿಕಪ್‌ಗಳನ್ನು ಪ್ಯಾರಾಫಿನ್ ಮತ್ತು ಜೇನುಮೇಣದ ಮಿಶ್ರಣದಲ್ಲಿ ಅದ್ದಿ ತೆಗೆದಿರುತ್ತಾರೆ. ನಿಮ್ಮ ಹೊಸ ಸೆಟ್‌ನ ವಿವರದಲ್ಲಿ 'ವ್ಯಾಕ್ಸ್ ಪಾಟೆಡ್' ಎಂದಿದ್ದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಹಳೆಯದನ್ನು ಮನೆಯಲ್ಲಿ ಮೇಣಕ್ಕೆ ಅದ್ದುವ ಸಾಹಸ ಬೇಡ. ಪ್ಯಾರಾಫಿನ್ ಒಲೆಯ ಮೇಲೆ ಹೊತ್ತಿಕೊಳ್ಳುವ ವಸ್ತು.

ಈಗ ಸಾಮಾನು. 40ರಿಂದ 60 ವ್ಯಾಟ್‌ನ, ಶಾಖ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್ ತೆಗೆದುಕೊಳ್ಳಿ. ತುದಿ ಸೂಜಿಯಂತೆ ಚೂಪಾಗಿರುವುದು ಬೇಡ, ಉಳಿಯಂತೆ ಚಪ್ಪಟೆಯಾಗಿರಲಿ. ರೇಡಿಯೋ ರಿಪೇರಿಗೆ ಬಳಸುವ 25 ವ್ಯಾಟ್‌ನದು ಸ್ವಿಚ್ಚಿನ ಕಿವಿಗಳಿಗೆ (ವೈರ್ ಬೆಸೆಯುವ ಪುಟ್ಟ ಲೋಹದ ಚಾಚುಗಳು) ಸಾಕು, ಆದರೆ ಪಾಟ್‌ನ ಬೆನ್ನಿನ ತಗಡು ಶಾಖವನ್ನೆಲ್ಲ ಹೀರಿಕೊಂಡು ಅಲ್ಲಿ ಬೆಸುಗೆ ಹಿಡಿಯುವುದೇ ಇಲ್ಲ. ಹಿಡಿಯಲಿಲ್ಲವೆಂದು ಅರ್ಧ ನಿಮಿಷ ಒತ್ತಿ ಹಿಡಿದರೆ ಪಾಟ್‌ನೊಳಗಿನ ಕಾರ್ಬನ್ ಪಟ್ಟಿ ಕೆಡುತ್ತದೆ. ಬೆಸುಗೆ ತಂತಿ 60/40 ತವರ-ಸೀಸ, 0.8 ಮಿ.ಮೀ. ದಪ್ಪ, ಒಳಗೆ ರೋಸಿನ್ ಇರುವುದು. ಡಬ್ಬಿಯಲ್ಲಿ ಬರುವ ಪೇಸ್ಟ್‌ಗಳಲ್ಲಿ ಕೆಲವು ಆಮ್ಲದವು. ಅವನ್ನು ಗಿಟಾರಿನ ಹತ್ತಿರಕ್ಕೂ ತರಬೇಡಿ, ಮಳೆಗಾಲ ಕಳೆಯುವಷ್ಟರಲ್ಲಿ ಬೆಸುಗೆಯ ಸುತ್ತ ಹಸಿರು ಕಿಲುಬು ಕಟ್ಟುತ್ತದೆ. ಜೊತೆಗೆ ಬೆಸುಗೆ ಹೀರುವ ಪಂಪ್, ನೋಸ್ ಪ್ಲೈಯರ್, ಸ್ಕ್ರೂ ತಲೆಗೆ ಬಿಗಿಯಾಗಿ ಕೂರುವ ಫಿಲಿಪ್ಸ್ ಸ್ಕ್ರೂಡ್ರೈವರ್, ಮಾಸ್ಕಿಂಗ್ ಟೇಪ್, ಗಿಟಾರಿನ ಹೊಸ ತಂತಿಗಳ ಒಂದು ಸೆಟ್. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಿದ್ದರೆ ಐರನ್, ಬೆಸುಗೆ, ಮೀಟರ್ ಮೂರೂ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಸೀಸ ಇರುವುದರಿಂದ ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಐರನ್ ಬಿಸಿ ಮಾಡುವ ಮೊದಲೇ ಹೊಸ ಪಿಕಪ್‌ಗಳನ್ನು ಮೇಜಿನ ಮೇಲಿಟ್ಟು ಅಳೆಯಿರಿ. ಮೀಟರನ್ನು 20 ಕಿಲೋ ಓಮ್‌ಗೆ ತಿರುಗಿಸಿ, ಎರಡು ವೈರುಗಳಿಗೆ ಎರಡು ಕಡ್ಡಿ ತಾಗಿಸಿ. ಹಳೆಯ ಕಾಲದ ಧಾಟಿಯ ಸ್ಟ್ರಾಟ್ ಪಿಕಪ್ 5.5ರಿಂದ 6.5 ಕಿಲೋ ಓಮ್ ತೋರಿಸುತ್ತದೆ. ಬ್ರಿಡ್ಜಿನದು (ತಂತಿಗಳ ಕೆಳತುದಿ ಕೂರುವ ಕಡೆಯದು) ಸ್ವಲ್ಪ ಹೆಚ್ಚಿರುವುದು ವಾಡಿಕೆ, ಏಕೆಂದರೆ ಬ್ರಿಡ್ಜ್ ಹತ್ತಿರ ತಂತಿಯ ಓಲಾಟ ಕಡಿಮೆ, ಆ ಕೊರತೆಯನ್ನು ಹೆಚ್ಚು ಸುತ್ತುಗಳಿಂದ ತುಂಬುತ್ತಾರೆ. ಪೆಟ್ಟಿಗೆಯ ಮೇಲೆ 6.0 ಎಂದಿದ್ದು ನಿಮ್ಮ ಮೀಟರ್ 6.3 ತೋರಿಸಿದರೆ ಗಾಬರಿ ಬೇಡ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಏರುತ್ತದೆ, 20 ಡಿಗ್ರಿಯಲ್ಲಿ 6.0 ಇದ್ದದ್ದು ಏಪ್ರಿಲ್‌ನ 35 ಡಿಗ್ರಿ ಸೆಕೆಯಲ್ಲಿ 6.35 ಆಗಲೇಬೇಕು. ಮೀಟರ್ ಏನೂ ತೋರಿಸದಿದ್ದರೆ ಮಾತ್ರ ಕಾಯಿಲ್ ಹರಿದಿದೆ ಎಂದರ್ಥ. ಆಗ ಬೆಸುಗೆ ಹಾಕದೆ, ವೈರ್ ಕತ್ತರಿಸದೆ ವಾಪಸ್ ಕಳಿಸಿ. ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ, ಕೊನೆಗೆ ಬೇಕಾಗುತ್ತದೆ.

ಇದೇ ಹೊತ್ತಿಗೆ ಪೋಲ್‌ಗಳ (ಒಂದೊಂದು ತಂತಿಯ ಕೆಳಗೆ ಕಾಣುವ ಲೋಹದ ಗೂಟಗಳು) ಅಂತರವನ್ನೂ ನೋಡಿ: ಒಂದನೇ ಪೋಲ್‌ನ ನಡುವಿನಿಂದ ಆರನೇ ಪೋಲ್‌ನ ನಡುವಿಗೆ ಎಷ್ಟು ಮಿ.ಮೀ.? ಅನೇಕ ಗಿಟಾರುಗಳಲ್ಲಿ ಮೂರಕ್ಕೂ 52 ಮಿ.ಮೀ. ಇರುತ್ತದೆ, ಕೆಲವು ಸೆಟ್‌ಗಳಲ್ಲಿ ನೆಕ್ (ಕತ್ತಿನ ಕಡೆಯ) ಪಿಕಪ್ ಸುಮಾರು 50 ಮಿ.ಮೀ. ಇರುತ್ತದೆ. ಹಳೆಯ ಪ್ಲಾಸ್ಟಿಕ್ ಕವಚವನ್ನೇ ಬಳಸುವುದಾದರೆ ಈ ಎರಡು ಮಿಲಿಮೀಟರ್ ವ್ಯತ್ಯಾಸಕ್ಕೇ ಅದು ಕೂರುವುದಿಲ್ಲ. ಬಲವಂತವಾಗಿ ಒತ್ತಿದರೆ ಕಾಯಿಲ್‌ಗೆ ಗಾಯವಾಗುತ್ತದೆ. ಆ ಕಾಯಿಲ್ ಎಂದರೆ 0.06 ಮಿ.ಮೀ. ದಪ್ಪದ ತಾಮ್ರದ ಎಳೆ, ಸುಮಾರು 8,000 ಸುತ್ತು. ಎಲ್ಲೋ ಒಂದು ಕಡೆ ಉಗುರು ತಾಗಿ ಕಡಿದರೂ ಪಿಕಪ್ ಹೋಯಿತು. ಸ್ಕ್ರೂಡ್ರೈವರ್ ಅಂತೂ ಇನ್ನೂ ಅಪಾಯ. ಅದು ಉಕ್ಕು, ಪಿಕಪ್ ಅಯಸ್ಕಾಂತ, ಹತ್ತಿರ ಒಯ್ದರೆ ತಾನಾಗಿಯೇ ಜಿಗಿದು ಕಾಯಿಲ್‌ಗೆ ಚುಚ್ಚುತ್ತದೆ. ಕವಚ ಹಾಕಿದ ಮೇಲೂ ಮೇಲ್ಮೈಗೆ ಮಾಸ್ಕಿಂಗ್ ಟೇಪ್ ಅಂಟಿಸಿಡಿ. ಉಕ್ಕಿನ ಪುಡಿ ಅಂಟಿಕೊಳ್ಳುವುದೂ ತಪ್ಪುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ: ಫೇಸ್. ಎರಡು ಪಿಕಪ್ ಒಟ್ಟಿಗೆ ನುಡಿಯುವ, ಸ್ವಿಚ್ಚಿನ 2 (ಬ್ರಿಡ್ಜ್ ಮತ್ತು ನಡು) ಮತ್ತು 4ನೇ (ನಡು ಮತ್ತು ನೆಕ್) ಸ್ಥಾನದಲ್ಲಿ ಎರಡರ ಸಂಕೇತವೂ ಒಂದೇ ದಿಕ್ಕಿನಲ್ಲಿರಬೇಕು. ವಿರುದ್ಧವಾಗಿದ್ದರೆ ಒಂದನ್ನೊಂದು ಕಳೆದುಕೊಂಡು ಸ್ವರ ಬಡಕಲಾಗುತ್ತದೆ, ಮೂಗಿನಿಂದ ಹಾಡಿದ ಹಾಗೆ ಕೇಳುತ್ತದೆ. ಮೀಟರನ್ನು ಡಿಸಿ 200 ಮಿಲಿವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿ ಹಾಟ್‌ಗೆ, ಕಪ್ಪು ಕಡ್ಡಿ ಗ್ರೌಂಡ್‌ಗೆ ಸಿಕ್ಕಿಸಿ. ಟೇಪ್ ಅಂಟಿಸಿದ ಪೋಲ್‌ಗಳ ಮೇಲೆ ಸ್ಕ್ರೂಡ್ರೈವರಿನ ದಂಡವನ್ನು ಅಡ್ಡಲಾಗಿ ಮಲಗಿಸಿ, ಥಟ್ಟನೆ ಮೇಲಕ್ಕೆ ಕಿತ್ತುಕೊಳ್ಳಿ. ಆ ಕ್ಷಣ ಅಂಕಿ ಪ್ಲಸ್ ಆಗುತ್ತದೋ ಮೈನಸ್ ಆಗುತ್ತದೋ ನೋಡಿ. ಡಿಜಿಟಲ್ ಮೀಟರ್ ನಿಧಾನ, ನಾಲ್ಕಾರು ಸಲ ಮಾಡಿದರೆ ಖಚಿತವಾಗುತ್ತದೆ. ಮುಳ್ಳಿನ ಮೀಟರ್ ಇದ್ದರೆ ಇನ್ನೂ ಸಲೀಸು. ಮೂರು ಪಿಕಪ್ಪೂ ಒಂದೇ ಕಡೆಗೆ ಹೋಗಬೇಕು. ಒಂದು ಮಾತ್ರ ಉಲ್ಟಾ ಹೊಡೆದರೆ ಜೋಡಿಸುವಾಗ ಅದರ ಎರಡು ವೈರುಗಳನ್ನು ಅದಲುಬದಲು ಮಾಡಿ, ಅಷ್ಟೇ. ಲೋಹದ ಕವಚ ಗ್ರೌಂಡಿಗೆ ಸೇರಿರುವ ಪಿಕಪ್ಪಿಗೆ ಮಾತ್ರ ಹೀಗೆ ಮಾಡಬಾರದು, ಕವಚವೇ ಹಾಟ್ ಆಗಿ ಗುಂಯ್‌ಗುಡುತ್ತದೆ.

ನಡುವಿನ ಪಿಕಪ್ಪಿಗೆ 'ಆರ್‌ಡಬ್ಲ್ಯೂಆರ್‌ಪಿ' ಎಂದು ಬರೆದಿದ್ದರೆ ಅದರ ಸುತ್ತೂ ಉಲ್ಟಾ, ಅಯಸ್ಕಾಂತವೂ ಉಲ್ಟಾ. ಎರಡೂ ತಿರುಗಿರುವುದರಿಂದ ತಂತಿಯ ಸ್ವರ ಉಳಿದವುಗಳ ಜೊತೆ ಸರಿಯಾಗಿ ಕೂಡುತ್ತದೆ, ಹೊರಗಿನ ಗುಂಯ್‌ಕಾರ ಮಾತ್ರ ಕಳೆದುಹೋಗುತ್ತದೆ. ಹೀಗಾಗಿ ಮೇಲಿನ ಪರೀಕ್ಷೆಯಲ್ಲಿ ಅದೂ ಒಂದೇ ದಿಕ್ಕು ತೋರಿಸಬೇಕು. ಅದನ್ನು ನೆಕ್ ಜಾಗಕ್ಕೆ ಹಾಕಿಬಿಟ್ಟರೆ 2ನೇ ಸ್ಥಾನದಲ್ಲಿ ಗುಂಯ್‌ಕಾರ ಕಳೆಯುವುದಿಲ್ಲ. ಗುರುತು ಅಳಿಸಿದ್ದರೆ ದಿಕ್ಸೂಚಿ ತನ್ನಿ: ಎರಡು ಪಿಕಪ್‌ಗಳ ಮೇಲೆ ಒಂದು ಕಡೆ ತಿರುಗಿ, ಮೂರನೆಯದರ ಮೇಲೆ ಇನ್ನೊಂದು ಕಡೆ ತಿರುಗಿದರೆ ಆ ಮೂರನೆಯದೇ ನಡುವಿನದು.

ಈಗ ಗಿಟಾರ್ ಬಿಚ್ಚಿ. ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ತೆಗೆಯಿರಿ. ಎಳೆತ ಹೋದ ಕೂಡಲೇ ಹಿಂಬದಿಯ ಸ್ಪ್ರಿಂಗುಗಳು ಟ್ರೆಮೊಲೋ ಬ್ರಿಡ್ಜನ್ನು ಎಳೆದುಕೊಳ್ಳುತ್ತವೆ, ಅದು ಸಹಜ. ಪಿಕ್‌ಗಾರ್ಡಿನ 11 ಸ್ಕ್ರೂ ಬಿಚ್ಚಿ (ಹಳೆಯ ವಿನ್ಯಾಸದಲ್ಲಿ 8), ಬಟ್ಟೆ ಹಾಸಿ ನಿಧಾನವಾಗಿ ಮಗುಚಿ. ಜ್ಯಾಕ್‌ಗೆ ಹೋಗುವ ಎರಡು ವೈರ್, ಸ್ಪ್ರಿಂಗ್ ಹಿಡಿದಿರುವ ಕೊಕ್ಕೆಗೆ ಹೋಗುವ ಒಂದು ಗ್ರೌಂಡ್ ವೈರ್ ಇನ್ನೂ ಮೈಗೆ ಅಂಟಿಕೊಂಡೇ ಇರುತ್ತವೆ. ಅವು ಸಾಕಷ್ಟು ಉದ್ದವಿದ್ದರೆ ಮುಟ್ಟುವುದೇ ಬೇಡ. ಗಿಟಾರಿನ ಮೈಗೆ ದಪ್ಪ ಬಟ್ಟೆ ಹೊದಿಸಿ. ಬಿಸಿ ಬೆಸುಗೆಯ ಒಂದು ಹನಿ ಬಿದ್ದರೂ ಬಣ್ಣದ ಮೇಲೆ ಕಲೆ ಶಾಶ್ವತ.

ಫೋಟೋ ತೆಗೆಯಿರಿ, ನಾಲ್ಕು ಕಡೆಯಿಂದ, ಬೆಳಕಿನಲ್ಲಿ. ಆಮೇಲೆ ಸ್ವಿಚ್ ನೋಡಿ. ಎರಡು ಬದಿಗೂ ನಾಲ್ಕು ನಾಲ್ಕು ಕಿವಿಗಳಿರುವ ಬಿಚ್ಚುಮೈ ಸ್ವಿಚ್ ಆದರೆ ಒಂದು ಬದಿಯ ಮೂರು ಕಿವಿಗಳಿಗೆ ಪಿಕಪ್‌ಗಳ ಹಾಟ್, ನಾಲ್ಕನೆಯದು ಕಾಮನ್, ಅಲ್ಲಿಂದ ವಾಲ್ಯೂಮ್‌ಗೆ. ಇನ್ನೊಂದು ಬದಿ ಟೋನ್ ಪಾಟ್‌ಗಳಿಗೆ. ಎಂಟು ಕಿವಿಗಳು ಒಂದೇ ಸಾಲಿನಲ್ಲಿರುವ ಪೆಟ್ಟಿಗೆ ಸ್ವಿಚ್ ಆದರೆ ಕಿವಿಗಳ ಕ್ರಮ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಎಲ್ಲಿಯೋ ನೋಡಿದ ಚಿತ್ರ ನಂಬಬೇಡಿ. ಹಳೆಯ ಪಿಕಪ್‌ನ ವೈರ್ ಎಲ್ಲಿತ್ತೋ ಹೊಸದೂ ಅಲ್ಲಿಗೇ. ಹಾಗಾಗಿ ಮೂರನ್ನೂ ಒಟ್ಟಿಗೆ ಕಿತ್ತುಹಾಕದೆ ಒಂದನ್ನು ಬಿಚ್ಚಿ, ಅದರ ಜಾಗಕ್ಕೆ ಹೊಸದನ್ನು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ. ಹೊಸಬರಿಗೆ ಇದಕ್ಕಿಂತ ಸುರಕ್ಷಿತ ದಾರಿ ಇಲ್ಲ.

ಕಾರ್ಖಾನೆಯ ಬೆಸುಗೆ ಸೀಸವಿಲ್ಲದ್ದಾಗಿದ್ದರೆ ಬೇಗ ಕರಗುವುದಿಲ್ಲ. ಅದರ ಮೇಲೆ ನಿಮ್ಮ 60/40 ಸ್ವಲ್ಪ ಕರಗಿಸಿ ಬೆರೆಸಿ, ಆಗ ಸಡಿಲಾಗುತ್ತದೆ. ವೈರ್ ಎಳೆಯುತ್ತಾ ಕಾಯಬೇಡಿ. ಕರಗಿದ ಮೇಲೆ ಅದು ತಾನಾಗಿ ಬರುತ್ತದೆ. ಹೊಸ ವೈರಿನ ತುದಿಯನ್ನು 4–5 ಮಿ.ಮೀ. ಸುಲಿದು, ಹೊಸೆದು, ಮೊದಲೇ ತವರ ಹಿಡಿಸಿ. ಬಟ್ಟೆ ಹೊದಿಕೆಯ ವೈರ್ ಆದರೆ ಸುಲಿಯುವುದೂ ಬೇಡ, ಬಟ್ಟೆಯನ್ನು ಹಿಂದಕ್ಕೆ ತಳ್ಳಿದರೆ ಸಾಕು. ಉದ್ದ ಕತ್ತರಿಸುವಾಗ ಧಾರಾಳವಾಗಿ ಬಿಡಿ. ಆದರೆ ಪಿಕಪ್ ಬುಡದಲ್ಲಿ ವೈರ್ ಸೇರುವ ಎರಡು ತೂತುಗಳ ಬೆಸುಗೆಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಕೂದಲಿನಷ್ಟು ತೆಳುವಾದ ಆ ಎಳೆಯ ತುದಿಗಳು ಅಲ್ಲೇ ಇರುವುದು. ಬಿಸಿ ತಾಗಿ ಅದು ಜಾರಿತೆಂದರೆ ಹುಡುಕಿ ಹಿಡಿಯುವುದು ಕಷ್ಟ.

ಬೆಸುಗೆಯ ಕ್ರಮ ಇಷ್ಟು: ಐರನ್ 350 ಡಿಗ್ರಿ, ಪಾಟ್‌ನ ಬೆನ್ನಿಗೆ 380ರವರೆಗೆ. ತುದಿಗೆ ಹೊಸ ತವರ ಹಚ್ಚಿ, ಅದನ್ನು ಕಿವಿ ಮತ್ತು ವೈರ್ ಎರಡಕ್ಕೂ ಒಟ್ಟಿಗೆ ತಾಗಿಸಿ, ಒಂದೆರಡು ಸೆಕೆಂಡ್ ಕಾದು, ಬೆಸುಗೆ ತಂತಿಯನ್ನು ಐರನ್‌ಗಲ್ಲ, ಬಿಸಿಯಾದ ಕಿವಿಗೆ ಮುಟ್ಟಿಸಿ. ಹರಿದು ಹರಡಿಕೊಂಡ ಕೂಡಲೇ ಐರನ್ ತೆಗೆಯಿರಿ, ವೈರ್ ಅಲುಗಾಡಿಸದೆ ಮೂರು ಸೆಕೆಂಡ್ ಹಿಡಿದಿರಿ. ಒಳ್ಳೆಯ ಬೆಸುಗೆ ಹೊಳೆಯುತ್ತದೆ, ಅಂಚಿನಲ್ಲಿ ತೆಳುವಾಗಿ ಲೋಹಕ್ಕೆ ಅಂಟಿಕೊಂಡಿರುತ್ತದೆ. ಮಂಕಾಗಿ ಉಂಡೆಗಟ್ಟಿ ಕುಳಿತಿದ್ದರೆ ಅದು ಹಸಿ ಬೆಸುಗೆ; ಇವತ್ತು ಶಬ್ದ ಬರಬಹುದು, ತಿಂಗಳೊಳಗೆ ಕರಕರ ಎನ್ನುತ್ತದೆ. ಮತ್ತೆ ಕಾಯಿಸಿ. ಗ್ರೌಂಡ್ ವೈರುಗಳಿಗೆ ವಾಲ್ಯೂಮ್ ಪಾಟ್‌ನ ಬೆನ್ನಲ್ಲಿ ಈಗಾಗಲೇ ಒಂದು ಬೆಸುಗೆ ಗುಪ್ಪೆ ಇರುತ್ತದೆ, ಅದನ್ನೇ ಕರಗಿಸಿ ಒಳಕ್ಕೆ ಅದ್ದಿ. ಹೊಸ ಪಾಟ್ ಹಾಕಿದ್ದರೆ ಬೆನ್ನನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ, ಐದು ಸೆಕೆಂಡಿನೊಳಗೆ ಮುಗಿಸಿ.

ಪಿಕಪ್‌ಗಳನ್ನು ಪಿಕ್‌ಗಾರ್ಡಿಗೆ ಹಿಡಿಸುವ ಎರಡೂ ಸ್ಕ್ರೂಗಳಿಗೆ, ಪಿಕ್‌ಗಾರ್ಡ್ ಮತ್ತು ಪಿಕಪ್ ನಡುವೆ, ಸ್ಪ್ರಿಂಗ್ ಅಥವಾ ರಬ್ಬರ್ ಕೊಳವೆ ಹಾಕಲು ಮರೆಯಬೇಡಿ, ಅದಿಲ್ಲದೆ ಎತ್ತರ ನಿಲ್ಲುವುದಿಲ್ಲ.

ಇನ್ನು ಮುಚ್ಚುವ ಮುನ್ನದ ಅಳತೆ. ಇದನ್ನು ದಯವಿಟ್ಟು ಬಿಡಬೇಡಿ. ಗಿಟಾರಿಗೆ ಕೇಬಲ್ ಸಿಕ್ಕಿಸಿ, ಇನ್ನೊಂದು ತುದಿಯ ಪ್ಲಗ್‌ನ ಮೊನೆಗೆ ಒಂದು ಕಡ್ಡಿ, ಮೈಗೆ ಇನ್ನೊಂದು ಕಡ್ಡಿ ತಾಗಿಸಿ. ವಾಲ್ಯೂಮ್ ಪೂರ್ತಿ ತೆರೆದಿರಲಿ. ನಿಮ್ಮ ಚೀಟಿಯಲ್ಲಿ ನೆಕ್ 6.0, ನಡು 6.1, ಬ್ರಿಡ್ಜ್ 6.5 ಇದ್ದು ಪಾಟ್ 250 ಕಿಲೋ ಓಮ್ ಇದ್ದರೆ, ಬ್ರಿಡ್ಜ್ ಒಂದೇ ಇರುವಾಗ ಮೀಟರ್ ಸುಮಾರು 6.3, ನಡುವಿನದಕ್ಕೆ 5.95, ನೆಕ್‌ಗೆ 5.86 ತೋರಿಸಬೇಕು. ಎರಡೆರಡು ಕೂಡುವ 2 ಮತ್ತು 4ನೇ ಸ್ಥಾನದಲ್ಲಿ ಸುಮಾರು 3.1 ಮತ್ತು 3.0. ಅಂಕಿ 250ರ ಆಸುಪಾಸು ಬಂದರೆ ನೀವು ಅಳೆಯುತ್ತಿರುವುದು ಬರಿಯ ಪಾಟನ್ನು, ಆ ಪಿಕಪ್ ಸೇರಿಯೇ ಇಲ್ಲ: ಬೆಸುಗೆ ಬಿಟ್ಟಿದೆ ಅಥವಾ ಕಾಯಿಲ್ ಹರಿದಿದೆ. ಸೊನ್ನೆ ಬಂದರೆ ಎಲ್ಲೋ ಹಾಟ್ ಹೋಗಿ ಗ್ರೌಂಡಿಗೆ ತಾಗಿದೆ. ಮೊದಲು ಸ್ವಿಚ್ಚಿನ ಕಿವಿಗಳ ನಡುವೆ ಚಾಚಿರುವ ವೈರಿನ ಎಳೆ ಹುಡುಕಿ, ಆಮೇಲೆ ಜ್ಯಾಕ್ ನೋಡಿ. 2 ಮತ್ತು 4ರಲ್ಲೂ 6ರ ಹತ್ತಿರವೇ ಬಂದರೆ ಎರಡರಲ್ಲಿ ಒಂದು ಮಾತ್ರ ಕೆಲಸ ಮಾಡುತ್ತಿದೆ.

ಅಂಕಿ ಸರಿಯಿದ್ದರೆ ಆಂಪ್‌ಗೆ ಸಿಕ್ಕಿಸಿ, ಸಣ್ಣ ದನಿಯಲ್ಲಿಟ್ಟು ಸ್ಕ್ರೂಡ್ರೈವರ್‌ನಿಂದ ಪೋಲ್‌ಗಳನ್ನು ಹಗುರವಾಗಿ ತಟ್ಟಿ. 1ನೇ ಸ್ಥಾನದಲ್ಲಿ ಬ್ರಿಡ್ಜ್ ಮಾತ್ರ ಟಕ್ ಎನ್ನಬೇಕು, 5ರಲ್ಲಿ ನೆಕ್ ಮಾತ್ರ. ಆಮೇಲೆ ಪಿಕ್‌ಗಾರ್ಡ್ ಮುಚ್ಚಿ. ಮರದ ಸ್ಕ್ರೂ ಹಾಕುವಾಗ ಮೊದಲು ಎಡಕ್ಕೆ ತಿರುಗಿಸಿ. ಹಳೆಯ ಜಾಡಿಗೆ ಕುಳಿತ ಸಣ್ಣ ಕುಲುಕು ಕೈಗೆ ಗೊತ್ತಾಗುತ್ತದೆ. ಆಗ ಬಲಕ್ಕೆ ತಿರುಗಿಸಿ. ಹೀಗೆ ಮಾಡದೆ ಪ್ರತಿ ಸಲ ಹೊಸ ಜಾಡು ಕೊರೆದರೆ ಮರ ಸವೆದು ಸ್ಕ್ರೂ ಹಿಡಿಯುವುದಿಲ್ಲ.

ತಂತಿ ಹಾಕಿ ಶ್ರುತಿ ಮಾಡಿದ ಮೇಲೆ ಎತ್ತರ. ನನ್ನ ಅಭಿಪ್ರಾಯದಲ್ಲಿ ಅರ್ಧ ಸ್ವರ ಇಲ್ಲೇ ಇದೆ, ಆದರೂ ಜನ ಇದಕ್ಕೆ ಎರಡು ನಿಮಿಷವನ್ನೂ ಕೊಡುವುದಿಲ್ಲ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ತಳದಿಂದ ಪೋಲ್‌ನ ನೆತ್ತಿಗೆ ಅಳೆಯಿರಿ: ದಪ್ಪ ತಂತಿಯ ಕಡೆ 2.4 ಮಿ.ಮೀ., ತೆಳು ತಂತಿಯ ಕಡೆ 2 ಮಿ.ಮೀ. ಇಲ್ಲಿಂದ ಶುರು ಮಾಡಿ ಕಿವಿಯಿಂದ ಹೊಂದಿಸಿ. ಹತ್ತಿರ ತಂದಷ್ಟೂ ದನಿ ಹೆಚ್ಚುತ್ತದೆ ಎಂದು ಎತ್ತುತ್ತಾ ಹೋಗಬೇಡಿ. ಸೆರಾಮಿಕ್ ಪಟ್ಟಿಯ ಅನೇಕ ಪಿಕಪ್‌ಗಳಲ್ಲಿ ಮ್ಯಾಗ್ನೆಟ್ ತಳದಲ್ಲಿರುತ್ತದೆ, ಪೋಲ್‌ಗಳು ಬರಿಯ ಉಕ್ಕು. ಆಲ್ನಿಕೋ ಪಿಕಪ್‌ನಲ್ಲಿ ಪೋಲೇ ಅಯಸ್ಕಾಂತ. ಅದು ತಂತಿಯನ್ನು ಎಳೆದು ಹಿಡಿದರೆ ದಪ್ಪ ತಂತಿಯ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಎರಡಾಗಿ ಅಲೆಯುತ್ತದೆ, ಶ್ರುತಿ ಮಾಡಲು ಬರುವುದೇ ಇಲ್ಲ. ಹಾಗೆ ಕೇಳಿಸಿದರೆ ನೆಕ್ ಪಿಕಪ್ಪನ್ನು ಮೊದಲು ಇಳಿಸಿ, ಅಲ್ಲೇ ಎಳೆತದ ಪ್ರಭಾವ ಹೆಚ್ಚು.

ಹಳೆಯ ಧಾಟಿಯ ಪಿಕಪ್‌ಗಳಲ್ಲಿ ಪೋಲ್‌ಗಳು ಏರಿಳಿತವಾಗಿರುತ್ತವೆ, ಮೂರನೇ ತಂತಿಯ ಕೆಳಗಿನದು ಎತ್ತರ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದಾಗ ಮೂರನೇ ತಂತಿ ಸುತ್ತು ಹಾಕಿದ್ದಾಗಿರುತ್ತಿತ್ತು, ಅದರ ದನಿ ಕಡಿಮೆ. ಇಂದಿನ ಬರಿತಂತಿಗೆ ಆ ಎತ್ತರ ಹೆಚ್ಚಾಗಿ ಮೂರನೆಯದು ಎದ್ದು ಕೇಳಿಸಬಹುದು. ಅದು ನಿಮ್ಮ ಜೋಡಣೆಯ ದೋಷವಲ್ಲ. ಪೋಲನ್ನು ಒತ್ತಿ ಇಳಿಸಲು ಮಾತ್ರ ಹೋಗಬೇಡಿ, ಕಾಯಿಲ್ ನೇರವಾಗಿ ಅದರ ಮೇಲೆಯೇ ಸುತ್ತಿರುವುದರಿಂದ ಎಳೆ ಕಡಿಯುತ್ತದೆ. ಪಿಕಪ್ಪನ್ನು ಒಟ್ಟಾರೆ ಸ್ವಲ್ಪ ಇಳಿಸಿದರೆ ವ್ಯತ್ಯಾಸ ತಗ್ಗುತ್ತದೆ.

ಸಿಂಗಲ್ ಕಾಯಿಲ್ ಎಂದ ಮೇಲೆ 1, 3, 5ನೇ ಸ್ಥಾನಗಳಲ್ಲಿ ಒಂದಿಷ್ಟು ಗುಂಯ್‌ಕಾರ ಇದ್ದೇ ಇರುತ್ತದೆ, ಎಷ್ಟು ಒಳ್ಳೆಯ ಪಿಕಪ್ ಹಾಕಿದರೂ. ತಂತಿ ಮುಟ್ಟಿದಾಗ ಕಡಿಮೆಯಾದರೆ ವೈರಿಂಗ್ ಸರಿಯಿದೆ. ಮುಟ್ಟಿದಾಗ ಹೆಚ್ಚಾದರೆ ಜ್ಯಾಕ್‌ನ ಎರಡು ವೈರ್ ಅದಲುಬದಲಾಗಿವೆ. ಮುಟ್ಟಿದರೂ ಬಿಟ್ಟರೂ ಒಂದೇ ಸಮ ಜೋರಾಗಿದ್ದರೆ ಸ್ಪ್ರಿಂಗ್ ಕೊಕ್ಕೆಯ ಗ್ರೌಂಡ್ ವೈರ್ ಕಳಚಿದೆ, ಅಥವಾ ತೊಂದರೆ ಗಿಟಾರಿನಲ್ಲಿಲ್ಲ, ಗೋಡೆಯ ಪ್ಲಗ್‌ನಲ್ಲಿದೆ. ನಿಮ್ಮ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಮೈಗೆ, ಅಲ್ಲಿಂದ ಮೂರು ಪಿನ್‌ನ ದೊಡ್ಡ ಪಿನ್ ಮೂಲಕ ಅರ್ಥ್‌ಗೆ ಸೇರಿರುತ್ತವೆ. ಅರ್ಥ್ ಇಲ್ಲದ ಸಾಕೆಟ್‌ಗೆ ಅಥವಾ ಎರಡು ಪಿನ್‌ನ ಅಡಾಪ್ಟರ್‌ಗೆ ಆಂಪ್ ಸಿಕ್ಕಿಸಿದರೆ ಗುಂಯ್‌ಕಾರ ಹೆಚ್ಚುವುದಷ್ಟೇ ಅಲ್ಲ, ಆಂಪ್‌ನಲ್ಲಿ ದೋಷ ಬಂದ ದಿನ 230 ವೋಲ್ಟ್ ನೇರವಾಗಿ ನಿಮ್ಮ ಬೆರಳಿಗೆ ಬರುತ್ತದೆ. ತಂತಿ ಮುಟ್ಟಿದಾಗ ಚುರ್ ಎನ್ನಿಸುತ್ತಿದ್ದರೆ ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್‌ನ ಅರ್ಥ್ ಪರೀಕ್ಷೆ ಮಾಡಿಸಿ.